ಎ.ಐ. ಏಜೆಂಟ್‌ಗಳ ಬಳಕೆಗಾಗಿ ತಂತ್ರಾಂಶ ಸಾಧನಗಳ ಸ್ಪಷ್ಟ ವಿವರಣೆ: ಅರ್ಜಿದಾರರ ತಿಳಿವಳಿಕೆಗಾಗಿ

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಹಿಂದೆ ಕಚೇರಿಗೆ ಬಂದು ಅರ್ಜಿ ಸಲ್ಲಿಸುತ್ತಿದ್ದರು. ಭೂಮಿ, ನಾಡಕಚೇರಿ, ಸೇವಾ ಸಿಂಧು ಮೊದಲಾದ ವ್ಯವಸ್ಥೆಗಳು ಬಂದ ನಂತರ ಈ ಸೇವೆಗಳಲ್ಲಿ ಹಲವು ಗಣಕಯಂತ್ರ ಹಾಗೂ ಮೊಬೈಲ್ ಮೂಲಕ ದೊರೆಯುತ್ತಿವೆ. ಈಗ ಮತ್ತೊಂದು ಬದಲಾವಣೆ ಕಂಡುಬರುತ್ತಿದೆ. ಅರ್ಜಿದಾರರು ತಮ್ಮ ಮೊಬೈಲ್‌ನಲ್ಲಿರುವ ಕೃತಕ ಬುದ್ಧಿಮತ್ತೆಯ ಸಹಾಯಕನಿಗೆ ಕನ್ನಡದಲ್ಲಿಯೇ ಹೇಳಿ, ಯಾವ ಪ್ರಮಾಣಪತ್ರ ಬೇಕು, ಎಲ್ಲಿ ಅರ್ಜಿ ಹಾಕಬೇಕು, ಅರ್ಜಿ ಯಾವ ಹಂತದಲ್ಲಿದೆ ಎಂದು ಕೇಳಲಾರಂಭಿಸಿದ್ದಾರೆ.

ಇಂತಹ ಸಹಾಯಕನು ಸರಿಯಾದ ಉತ್ತರ ನೀಡುವುದು, ಸರಿಯಾದ ಅರ್ಜಿಯನ್ನು ಆರಿಸುವುದು ಬಹುಮಟ್ಟಿಗೆ ಒಂದು ಸಂಗತಿಯನ್ನು ಅವಲಂಬಿಸಿದೆ. ಅದು ಬಳಸುವ ತಂತ್ರಾಂಶ ಸಾಧನದ ಬಗ್ಗೆ ಎಷ್ಟು ಸ್ಪಷ್ಟವಾಗಿ ಬರೆದಿಡಲಾಗಿದೆ ಎಂಬುದೇ ಆ ಸಂಗತಿ. ಈ ವಿವರಣೆ ಹೇಗಿರಬೇಕು, ಅಸ್ಪಷ್ಟವಾಗಿದ್ದರೆ ಅರ್ಜಿದಾರರಿಗೆ ಆಗಬಹುದಾದ ತೊಂದರೆಗಳೇನು, ಅವರು ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಕಾಳಗಿ ತಾಲ್ಲೂಕು ಹಾಗೂ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

2. ಏಜೆಂಟ್ ಎಂದರೇನು? ಸಾಧನ ಎಂದರೇನು?

ಕೇಳಿದ ಪ್ರಶ್ನೆಗೆ ಉತ್ತರ ನೀಡುವುದಷ್ಟೇ ಅಲ್ಲದೆ, ಬಳಕೆದಾರರ ಪರವಾಗಿ ಹಂತ ಹಂತವಾಗಿ ಕೆಲಸಗಳನ್ನೂ ನಿರ್ವಹಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಎ.ಐ. ಏಜೆಂಟ್ ಎಂದು ಕರೆಯಲಾಗುತ್ತದೆ. ಕಚೇರಿಗಳ ಹೊರಗೆ ಅರ್ಜಿ ಬರೆದುಕೊಡುವ ಮಧ್ಯವರ್ತಿಗೂ ಇದಕ್ಕೂ ಸಂಬಂಧವಿಲ್ಲ.

ಏಜೆಂಟ್ ತಾನಾಗಿಯೇ ಪಹಣಿಯನ್ನು ತೆಗೆಯಲಾರದು. ಅದಕ್ಕಾಗಿ ಒಂದು ಸಾಧನ ಬೇಕು. ಸಾಧನವೆಂದರೆ ಒಂದು ನಿರ್ದಿಷ್ಟ ಕೆಲಸ ಮಾಡುವ ಚಿಕ್ಕ ತಂತ್ರಾಂಶ. ಉದಾಹರಣೆಗೆ, ಸರ್ವೆ ನಂಬರ್ ಪಡೆದು ಪಹಣಿಯ ವಿವರ ಕೊಡುವುದು ಒಂದು ಸಾಧನ. ಅರ್ಜಿ ಸಂಖ್ಯೆ ಪಡೆದು ಅದರ ಸ್ಥಿತಿ ತಿಳಿಸುವುದು ಇನ್ನೊಂದು ಸಾಧನ. ಇಂತಹ ಸಾಧನಗಳನ್ನು ಏಜೆಂಟ್‌ಗಳಿಗೆ ಜೋಡಿಸಲು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನದಂಡವನ್ನು ಪ್ರಕಟಿಸಿತು. ಇದರಂತೆ ಪ್ರತಿ ಸಾಧನಕ್ಕೆ ಒಂದು ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ ಹಾಗೂ ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ ಇರುತ್ತವೆ. ಏಜೆಂಟ್ ಮೊದಲು ಈ ಬರಹವನ್ನು ಓದುತ್ತದೆ, ಅರ್ಜಿದಾರರ ಮಾತಿಗೆ ಹೊಂದುವ ಸಾಧನವನ್ನು ಆರಿಸುತ್ತದೆ, ಕಾಲಂಗಳನ್ನು ತುಂಬುತ್ತದೆ, ಬಂದ ಫಲಿತಾಂಶವನ್ನು ಓದಿ ಹೇಳುತ್ತದೆ.

3. ವಿವರಣೆಗೆ ಏಕೆ ಮಹತ್ವ?

ಕಚೇರಿಯ ಕೌಂಟರ್‌ನಲ್ಲಿರುವ ಸಿಬ್ಬಂದಿಗೆ ಎಲ್ಲಿಯೂ ಬರೆಯದ ಅನೇಕ ಸಂಗತಿಗಳು ಗೊತ್ತಿರುತ್ತವೆ. ಹಳೆಯ ದಾಖಲೆಯಲ್ಲಿ ಊರು ಬೇರೆ ತಾಲ್ಲೂಕಿನ ಹೆಸರಿನಲ್ಲಿ ಇರುತ್ತದೆ, ಈ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಬಂದರೆ ಹಾಗೆಯೇ ಬಿಡಬೇಕು, ಈ ವಿದ್ಯಾರ್ಥಿಗೆ ಬೇಕಾಗಿರುವುದು ಆ ಪ್ರಮಾಣಪತ್ರವಲ್ಲ, ಇದು. ಹೀಗೆ ಅನುಭವದಿಂದ ಬಂದ ತಿಳಿವಳಿಕೆ ಫಾರಂನ ಕೊರತೆಯನ್ನು ತುಂಬುತ್ತದೆ. ಏಜೆಂಟ್‌ಗೆ ಈ ಅನುಭವ ಇರುವುದಿಲ್ಲ. ಸಾಧನದ ವಿವರಣೆಯಲ್ಲಿ ಬರೆದಿರುವುದನ್ನು ಅದು ನಂಬುತ್ತದೆ. ಬರೆಯದೆ ಬಿಟ್ಟಿರುವುದನ್ನು ಊಹಿಸುತ್ತದೆ. ಊಹೆ ತಪ್ಪಾದಾಗಲೂ ಉತ್ತರವು ಸರಿಯಾದ ಉತ್ತರದಷ್ಟೇ ಖಚಿತವಾಗಿ ಕಾಣುವುದರಿಂದ ಅರ್ಜಿದಾರರಿಗೆ ಅನುಮಾನ ಬರುವುದಿಲ್ಲ.

ಜಮಾಖರ್ಚು ಪುಸ್ತಕದಲ್ಲಿ ಪ್ರತಿ ನಮೂದಿನ ಕೆಳಗೆ ಅದರ ಕಾರಣವನ್ನು ಬರೆಯುವ ಪದ್ಧತಿಯಿದೆ. ಬರೆದವರು ಎದುರಿಗೆ ಇಲ್ಲದಿದ್ದರೂ ಮುಂದೆ ಓದುವವರಿಗೆ ನಮೂದು ಅರ್ಥವಾಗಬೇಕೆಂಬುದು ಅದರ ಉದ್ದೇಶ. ಸಾಧನದ ವಿವರಣೆಯ ಉದ್ದೇಶವೂ ಇದೇ ಆಗಿದೆ. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳುತ್ತಿದ್ದುದೆಲ್ಲವೂ ಇಲ್ಲಿ ಬರಹಕ್ಕೆ ಇಳಿಯಬೇಕು.

4. ಸ್ಪಷ್ಟ ವಿವರಣೆಯಲ್ಲಿ ಇರಬೇಕಾದ ಅಂಶಗಳು

4.1 ಯಾವುದಕ್ಕೆ ಉಪಯೋಗ, ಯಾವುದಕ್ಕೆ ಅಲ್ಲ

ಸಂವಿಧಾನದ 98ನೇ ತಿದ್ದುಪಡಿ ಕಾಯ್ದೆ, 2012ರ ಮೂಲಕ ಸೇರಿಸಲಾದ 371(ಜೆ) ಅನುಚ್ಛೇದದ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸ್ಥಳೀಯ ಅಭ್ಯರ್ಥಿಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ದೊರೆಯುತ್ತದೆ. ಇದಕ್ಕಾಗಿ ಉಪವಿಭಾಗಾಧಿಕಾರಿಗಳಿಂದ ಅರ್ಹತಾ ಪ್ರಮಾಣಪತ್ರವನ್ನು ಪಡೆಯಬೇಕು. ನಾಡಕಚೇರಿಯ ಮೂಲಕ ದೊರೆಯುವ ವಾಸಸ್ಥಳ ಪ್ರಮಾಣಪತ್ರ ಬೇರೆ. ಎರಡರಲ್ಲಿಯೂ ವಾಸದ ಪ್ರಸ್ತಾಪವಿದ್ದರೂ ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ.

ಚಿಂಚೋಳಿಯ ವಿದ್ಯಾರ್ಥಿಯೊಬ್ಬರು "ನಾನು ಈ ಭಾಗದವನು ಎಂಬ ಸರ್ಟಿಫಿಕೇಟ್ ಬೇಕು" ಎಂದು ಏಜೆಂಟ್‌ಗೆ ಹೇಳಿದರೆಂದು ಭಾವಿಸೋಣ. ಸಾಧನದ ವಿವರಣೆಯಲ್ಲಿ "ವಾಸದ ಪ್ರಮಾಣಪತ್ರಕ್ಕೆ ಅರ್ಜಿ" ಎಂದು ಮಾತ್ರ ಇದ್ದರೆ ಏಜೆಂಟ್ ವಾಸಸ್ಥಳ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಪ್ರಮಾಣಪತ್ರವು ಕೈಸೇರಿ, ದಾಖಲೆ ಪರಿಶೀಲನೆಯ ದಿನ ಅದು ಬೇರೆಯದೆಂದು ತಿಳಿದಾಗ ಕಾಲ ಮೀರಿರುತ್ತದೆ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿದ್ದರೂ ಆ ವಿದ್ಯಾರ್ಥಿಗೆ ಅದರ ಪ್ರಯೋಜನ ದೊರೆಯುವುದಿಲ್ಲ. ಆದುದರಿಂದ ವಿವರಣೆಯಲ್ಲಿ "371(ಜೆ) ಮೀಸಲಾತಿಗೆ ಇದನ್ನು ಬಳಸಬಾರದು, ಅದಕ್ಕೆ ಅರ್ಹತಾ ಪ್ರಮಾಣಪತ್ರದ ಸಾಧನವನ್ನು ಬಳಸಬೇಕು" ಎಂಬ ಒಂದು ವಾಕ್ಯ ಇರಲೇಬೇಕು. ಒಂದನ್ನೊಂದು ಹೋಲುವ ಸೇವೆಗಳು ಇರುವ ಕಡೆಗಳಲ್ಲೆಲ್ಲ ಇಂತಹ ವಾಕ್ಯ ಅಗತ್ಯ.

4.2 ಸ್ಥಳದ ಹೆಸರು

ಕಾಳಗಿ ಎಂಬುದು ಪಟ್ಟಣದ ಹೆಸರು, ಹೋಬಳಿಯ ಹೆಸರು ಹಾಗೂ ತಾಲ್ಲೂಕಿನ ಹೆಸರು. 2017-18ರ ರಾಜ್ಯ ಆಯವ್ಯಯದಲ್ಲಿ ಘೋಷಿಸಲಾದ 49 ಹೊಸ ತಾಲ್ಲೂಕುಗಳಲ್ಲಿ ಕಾಳಗಿಯೂ ಒಂದು. ಅದಕ್ಕೆ ಮೊದಲು ಕಾಳಗಿಯು ಚಿತ್ತಾಪುರ ತಾಲ್ಲೂಕಿನಲ್ಲಿತ್ತು. ಜಿಲ್ಲೆಯ ಹೆಸರು ಕೂಡ 2014ರ ನವೆಂಬರ್ 1ರಿಂದ ಗುಲಬರ್ಗಾ ಬದಲಿಗೆ ಕಲಬುರಗಿ ಎಂದಾಗಿದೆ. ಹೀಗಾಗಿ ಒಂದೇ ಕುಟುಂಬದ ಹಳೆಯ ದಾಖಲೆಯಲ್ಲಿ "ಕಾಳಗಿ, ತಾ. ಚಿತ್ತಾಪುರ, ಜಿ. ಗುಲಬರ್ಗಾ" ಎಂದೂ, ಹೊಸ ದಾಖಲೆಯಲ್ಲಿ "ತಾ. ಕಾಳಗಿ, ಜಿ. ಕಲಬುರಗಿ" ಎಂದೂ ಇರುವುದು ಸಹಜ. ಇದನ್ನು ಅರಿಯದ ಏಜೆಂಟ್ ಎರಡು ದಾಖಲೆಗಳು ಬೇರೆ ಬೇರೆ ಊರಿನವೆಂದು ತಿಳಿಯಬಹುದು, ಅಥವಾ ಹಳೆಯ ತಾಲ್ಲೂಕಿನಲ್ಲಿ ಹುಡುಕಿ ದಾಖಲೆ ಇಲ್ಲವೆಂದು ಹೇಳಬಹುದು. ಶಹಾಬಾದ್ ಎಂಬ ಹೆಸರಿನ ಪಟ್ಟಣಗಳು ಹರಿಯಾಣ ಮತ್ತು ಉತ್ತರ ಪ್ರದೇಶದಲ್ಲಿಯೂ ಇವೆ.

ಆದುದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ನಾಲ್ಕು ಕಾಲಂಗಳೂ ಪ್ರತ್ಯೇಕವಾಗಿರಬೇಕು. ಹಳೆಯ ಹೆಸರುಗಳನ್ನು ವಿವರಣೆಯಲ್ಲಿ ತಿಳಿಸಬೇಕು. ಸಾಧ್ಯವಿರುವ ಕಡೆ ಹೆಸರಿನ ಜೊತೆಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿರುವ ಸಂಕೇತ ಸಂಖ್ಯೆಯನ್ನು ಬಳಸಬೇಕು. ಹೆಸರಿನ ಕಾಗುಣಿತ ಬದಲಾದರೂ ಈ ಸಂಖ್ಯೆಯಿಂದ ಊರನ್ನು ಗುರುತಿಸಬಹುದು.

4.3 ಅಳತೆ ಮತ್ತು ದಿನಾಂಕ

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಬರೆಯಲಾಗುತ್ತದೆ. 40 ಗುಂಟೆಗೆ ಒಂದು ಎಕರೆ. 16 ಆಣೆಗೆ ಒಂದು ಗುಂಟೆ. 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನು ತಿಳಿಸದಿದ್ದರೆ ಏಜೆಂಟ್ 2.20 ಎಂಬುದನ್ನು ದಶಮಾಂಶ ಸಂಖ್ಯೆಯೆಂದು ಓದುತ್ತದೆ. ದಶಮಾಂಶದ 2.2 ಎಕರೆಗೆ ಎರಡು ಎಕರೆ ಎಂಟು ಗುಂಟೆ ಮಾತ್ರ ಆಗುತ್ತದೆ. ತೊಗರಿ ಬೆಳೆಗಾರನ ಹನ್ನೆರಡು ಗುಂಟೆ ಜಮೀನು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಅದೇ ರೀತಿ ಮೂರು ಎಕರೆ ಐದು ಗುಂಟೆಯನ್ನು 3.05 ಎಂದು ಬರೆಯುವ ಬದಲು 3.5 ಎಂದು ಬರೆದು, ಅದನ್ನು ದಶಮಾಂಶವಾಗಿ ಓದಿದರೆ, ಮೂರೂವರೆ ಎಕರೆ ಎಂದಾಗುತ್ತದೆ. ಬೆಳೆ ವಿಮೆ, ಸಾಲ, ಪರಿಹಾರಗಳೆಲ್ಲವೂ ವಿಸ್ತೀರ್ಣವನ್ನು ಆಧರಿಸಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಟ್ಟು, ಗುಂಟೆಯ ಕಾಲಂನಲ್ಲಿ 0ರಿಂದ 39ರವರೆಗಿನ ಪೂರ್ಣ ಸಂಖ್ಯೆ ಮಾತ್ರ ಎಂದು ಬರೆಯುವುದು ಸೂಕ್ತ ಪರಿಹಾರ.

ದಿನಾಂಕದ ವಿಷಯವೂ ಹೀಗೆಯೇ. 05-07-2025 ಎಂದರೆ ನಮ್ಮಲ್ಲಿ ಜುಲೈ 5. ಅಮೆರಿಕದ ಪದ್ಧತಿಯಲ್ಲಿ ಅದು ಮೇ 7. ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಒಂದು ಉದಾಹರಣೆ ಸಹಿತ ನಮೂದಿಸಿದರೆ ಕೊನೆಯ ದಿನಾಂಕ ತಪ್ಪಿ ಅರ್ಜಿ ತಿರಸ್ಕೃತವಾಗುವುದನ್ನು ತಡೆಯಬಹುದು.

4.4 ನೋಡುವ ಕೆಲಸ, ಬದಲಾಯಿಸುವ ಕೆಲಸ

ಪಹಣಿಯನ್ನು ನೋಡಿದರೆ ದಾಖಲೆಯಲ್ಲಿ ಯಾವುದೇ ಬದಲಾವಣೆ ಆಗುವುದಿಲ್ಲ. ಹಕ್ಕು ಬದಲಾವಣೆಗೆ ಅರ್ಜಿ ಸಲ್ಲಿಸಿದರೆ ಅಥವಾ ಶುಲ್ಕ ಪಾವತಿಸಿದರೆ ಬದಲಾವಣೆ ಆಗುತ್ತದೆ. ಈ ವ್ಯತ್ಯಾಸವನ್ನು ಸಾಧನದ ವಿವರಣೆಯಲ್ಲಿ ಸ್ಪಷ್ಟಪಡಿಸಬೇಕು. ಮೇಲೆ ತಿಳಿಸಿದ ಮಾನದಂಡದಲ್ಲಿ ಓದಲು ಮಾತ್ರ, ಹಿಂದಿನ ಸ್ಥಿತಿಯನ್ನು ಅಳಿಸಬಹುದಾದದ್ದು, ಎರಡು ಬಾರಿ ನಡೆಸಿದರೂ ಹೆಚ್ಚುವರಿ ಪರಿಣಾಮವಾಗದ್ದು ಎಂದು ಗುರುತಿಸಲು ಸೂಚಕಗಳಿವೆ. ಆದರೆ ಅವು ಕೇವಲ ಸೂಚನೆಗಳು. ಅವುಗಳನ್ನೇ ರಕ್ಷಣೆಯೆಂದು ನೆಚ್ಚಿಕೊಳ್ಳಲಾಗದು. ಅರ್ಜಿ ಸಲ್ಲಿಸುವ ಹಾಗೂ ಹಣ ಪಾವತಿಸುವ ಸಾಧನದ ವಿವರಣೆಯಲ್ಲಿ "ತುಂಬಿದ ವಿವರಗಳನ್ನು ಅರ್ಜಿದಾರರಿಗೆ ಓದಿ ಹೇಳಿ, ಅವರ ಒಪ್ಪಿಗೆ ಪಡೆದ ನಂತರವೇ ಸಲ್ಲಿಸಬೇಕು" ಎಂದಿರಬೇಕು. ಜೊತೆಗೆ, ಒಪ್ಪಿಗೆಯಿಲ್ಲದೆ ಸಲ್ಲಿಕೆ ಆಗದಂತೆ ತಂತ್ರಾಂಶದಲ್ಲಿಯೇ ತಡೆ ಇರಬೇಕು.

4.5 ದೋಷದ ಸಂದೇಶ

"ದಾಖಲೆ ಇಲ್ಲ" ಎಂಬುದಕ್ಕೂ "ಉತ್ತರ ಬರಲಿಲ್ಲ" ಎಂಬುದಕ್ಕೂ ಬಹಳ ಅಂತರವಿದೆ. ವಿಧವಾ ವೇತನದ ಫಲಾನುಭವಿಯೊಬ್ಬರು ತಮ್ಮ ಹಣದ ಬಗ್ಗೆ ವಿಚಾರಿಸುವ ವೇಳೆಯಲ್ಲಿ ಸರ್ವರ್ ಕೆಲಸ ಮಾಡದೆ ಇದ್ದು, ಸಾಧನವು ಖಾಲಿ ಪಟ್ಟಿಯನ್ನು ಹಿಂದಿರುಗಿಸಿದರೆ, ಏಜೆಂಟ್ "ನಿಮ್ಮ ಹೆಸರಿನಲ್ಲಿ ಪಿಂಚಣಿ ಮಂಜೂರಾಗಿಲ್ಲ" ಎಂದು ಹೇಳಿಬಿಡಬಹುದು. ಅವರು ಆ ಮಾತನ್ನು ನಂಬಿ ಮತ್ತೆ ವಿಚಾರಿಸದೆ ಇರಬಹುದು. ಆದುದರಿಂದ ಪ್ರತಿ ದೋಷಕ್ಕೂ ಪ್ರತ್ಯೇಕ ಸಂದೇಶವಿರಬೇಕು ಹಾಗೂ ಮುಂದೇನು ಮಾಡಬೇಕೆಂಬುದು ಅದರಲ್ಲಿಯೇ ಇರಬೇಕು. "ದೋಷ 500" ಎಂಬುದಕ್ಕಿಂತ "ಈಗ ಸರ್ವರ್ ಸಂಪರ್ಕವಿಲ್ಲ, ಫಲಾನುಭವಿಯ ದಾಖಲೆಯ ಬಗ್ಗೆ ಏನನ್ನೂ ಹೇಳಲಾಗದು, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂಬುದು ಎಲ್ಲರಿಗೂ ಉಪಯುಕ್ತ.

4.6 ಜನರಾಡುವ ಪದಗಳು ಮತ್ತು ಲಿಪಿ

ಕಚೇರಿಯ ಪದವೂ ಜನರ ಪದವೂ ಒಂದೇ ಆಗಿರುವುದಿಲ್ಲ. ಪಹಣಿಯನ್ನು ಆರ್.ಟಿ.ಸಿ. ಎಂದೂ, ಉತ್ತರ ಕರ್ನಾಟಕದ ಹಲವೆಡೆ ಉತಾರ ಎಂದೂ ಕರೆಯುತ್ತಾರೆ. ಕಚೇರಿಯಲ್ಲಿ ಪೌತಿ ಖಾತೆ ಎನ್ನುವುದನ್ನು ಜನರು ವಾರಸಾ ಮಾಡಿಸುವುದು ಎಂದು ಹೇಳುವುದುಂಟು. ಈ ಪದಗಳನ್ನು ವಿವರಣೆಯಲ್ಲಿ ಸೇರಿಸಿದರೆ ಏಜೆಂಟ್‌ಗೆ ಅರ್ಜಿದಾರರ ಮಾತು ತಿಳಿಯುತ್ತದೆ.

ಲಿಪಿಯ ವಿಷಯದಲ್ಲಿಯೂ ಗಮನ ಅಗತ್ಯ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ಕನ್ನಡದ ಬಳಕೆಗೆ ಬಹಳ ನೆರವಾಗಿದೆ. ಆದರೆ ಯೂನಿಕೋಡ್‌ಗೆ ಮೊದಲಿನ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಒಳಗೆ ರೋಮನ್ ಅಕ್ಷರಗಳ ಸಂಕೇತಗಳಾಗಿ ಉಳಿದಿರುತ್ತವೆ. ಅಂತಹ ಸುತ್ತೋಲೆಯನ್ನು ಓದಿದ ಏಜೆಂಟ್‌ಗೆ ಅರ್ಥವಿಲ್ಲದ ಅಕ್ಷರಗಳು ಮಾತ್ರ ದೊರೆಯುತ್ತವೆ. ಆದುದರಿಂದ ಸಾಧನದ ವಿವರಣೆ ಹಾಗೂ ಅದು ಉಲ್ಲೇಖಿಸುವ ಆದೇಶಗಳು ಯೂನಿಕೋಡ್ ಕನ್ನಡದಲ್ಲಿರುವುದು ಅವಶ್ಯಕ.

5. ಮಾದರಿ ವಿವರಣೆ

ಪಹಣಿ ನೋಡುವ ಸಾಧನವೊಂದರ ಎರಡು ವಿವರಣೆಗಳನ್ನು ಹೋಲಿಕೆಗಾಗಿ ಕೆಳಗೆ ನೀಡಲಾಗಿದೆ. ಇವು ತಿಳಿವಳಿಕೆಗಾಗಿ ಸಿದ್ಧಪಡಿಸಿದ ಮಾದರಿಗಳು ಮಾತ್ರ.

ಅಸ್ಪಷ್ಟ ವಿವರಣೆ: "ಪಹಣಿ ಪಡೆಯುವ ಸಾಧನ. ಊರು ಮತ್ತು ಸರ್ವೆ ನಂಬರ್ ನೀಡಿ."

ಸ್ಪಷ್ಟ ವಿವರಣೆ: "ಒಂದು ಕೃಷಿ ಜಮೀನಿನ ಪಹಣಿಯನ್ನು ನೋಡಲು ಮಾತ್ರ. ದಾಖಲೆಯಲ್ಲಿ ಯಾವುದೇ ಬದಲಾವಣೆ ಮಾಡುವುದಿಲ್ಲ. ಜನರು ಇದನ್ನು ಆರ್.ಟಿ.ಸಿ. ಅಥವಾ ಉತಾರ ಎಂದೂ ಕರೆಯಬಹುದು. ಇಲ್ಲಿ ದೊರೆಯುವ ಪ್ರತಿ ಮಾಹಿತಿಗಾಗಿ ಮಾತ್ರ. ಬ್ಯಾಂಕ್ ಅಥವಾ ಕಚೇರಿಗೆ ಸಲ್ಲಿಸಲು ದೃಢೀಕೃತ ಪ್ರತಿ ಬೇಕಾದಲ್ಲಿ ಶುಲ್ಕ ಸಹಿತ ಸಾಧನವನ್ನು ಬಳಸಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ನಂಬರ್ ಕಡ್ಡಾಯ. ಸರ್ನಾಕ್ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಬಂದರೆ ಅದು ದೋಷವಲ್ಲ, ಹಾಗೆಯೇ ಆರಿಸಿ. ಹಿಸ್ಸಾ ನಂಬರ್ ತಿಳಿಯದಿದ್ದರೆ ಊಹಿಸಬೇಡಿ, ಅರ್ಜಿದಾರರನ್ನು ಕೇಳಿ. ವಿಸ್ತೀರ್ಣವು ಎಕರೆ, ಗುಂಟೆ, ಆಣೆಗಳಲ್ಲಿದೆ, ದಶಮಾಂಶವಲ್ಲ."

ಎರಡನೆಯ ವಿವರಣೆ ಉದ್ದವಾಗಿದ್ದರೂ ಅದರ ಪ್ರತಿ ವಾಕ್ಯವೂ ಒಂದು ತಪ್ಪನ್ನು ತಡೆಯುತ್ತದೆ. ಭೂಮಿ ಯೋಜನೆಯ ಅಡಿಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಇಷ್ಟು ದೊಡ್ಡ ದತ್ತಾಂಶದಲ್ಲಿ ಹಿಸ್ಸಾ ನಂಬರ್ ಒಂದು ಅಂಕಿ ಬದಲಾದರೂ ಬೇರೊಬ್ಬರ ಪಹಣಿ ತೆರೆದುಕೊಳ್ಳುತ್ತದೆ. ಆದರೆ ತಪ್ಪನ್ನು ತಡೆಯದ ವಾಕ್ಯಗಳನ್ನು, ಹೊಗಳಿಕೆಯ ಮಾತುಗಳನ್ನು, ಕಾಯ್ದೆಯ ಪೂರ್ಣ ಪಾಠವನ್ನು ವಿವರಣೆಯಲ್ಲಿ ತುಂಬುವುದು ಸರಿಯಲ್ಲ. ಮುಖ್ಯ ಸೂಚನೆ ಅವುಗಳ ನಡುವೆ ಮರೆಯಾಗುತ್ತದೆ.

6. ಸ್ವೀಕೃತಿ ಸಂಖ್ಯೆ ಮತ್ತು ಸಕಾಲ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತ ಸೇವೆಗಳನ್ನು ನಿಗದಿತ ಕಾಲಮಿತಿಯೊಳಗೆ ನೀಡಬೇಕು. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಗಳಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ. ಈ ಹಕ್ಕನ್ನು ಕೇಳಲು ಅರ್ಜಿದಾರರ ಬಳಿ ಸ್ವೀಕೃತಿ ಸಂಖ್ಯೆ ಇರಬೇಕು. ಏಜೆಂಟ್ "ಅರ್ಜಿ ಕಳುಹಿಸಲಾಗಿದೆ" ಎಂದು ಹೇಳಿದ ಮಾತ್ರಕ್ಕೆ ಅರ್ಜಿ ಸ್ವೀಕೃತವಾಯಿತು ಎಂದಲ್ಲ. ಅರ್ಜಿ ಸಲ್ಲಿಸುವ ಸಾಧನವು ಸ್ವೀಕೃತಿ ಸಂಖ್ಯೆಯನ್ನು ಹಿಂದಿರುಗಿಸಬೇಕು ಹಾಗೂ "ಸಂಖ್ಯೆ ಬಾರದಿದ್ದರೆ ಅರ್ಜಿ ಸಲ್ಲಿಕೆಯಾಗಿದೆ ಎಂದು ಹೇಳಬಾರದು" ಎಂದು ವಿವರಣೆಯಲ್ಲಿ ಬರೆದಿರಬೇಕು. ನಾಡಕಚೇರಿಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯೇ ಬೇರೆ, ಅರ್ಜಿಯ ಸ್ವೀಕೃತಿ ಸಂಖ್ಯೆಯೇ ಬೇರೆ. ಯಾವ ಕಾಲಂನಲ್ಲಿ ಯಾವುದನ್ನು ನೀಡಬೇಕೆಂಬುದನ್ನೂ ತಿಳಿಸಬೇಕು.

7. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಏಜೆಂಟ್‌ಗೆ ಹೇಳುವಾಗ ಪ್ರಮಾಣಪತ್ರದ ಹೆಸರಿನ ಜೊತೆಗೆ ಅದು ಯಾವ ಕೆಲಸಕ್ಕೆ ಬೇಕು ಎಂಬುದನ್ನೂ ತಿಳಿಸಿ.

ಆ) ಊರಿನ ಹೆಸರಿನ ಜೊತೆಗೆ ಹೋಬಳಿ, ತಾಲ್ಲೂಕು, ಜಿಲ್ಲೆಯನ್ನು ಹೇಳಿ. ಹಳೆಯ ದಾಖಲೆಯಲ್ಲಿ ಬೇರೆ ತಾಲ್ಲೂಕಿನ ಹೆಸರಿದ್ದರೆ ಅದನ್ನೂ ತಿಳಿಸಿ.

ಇ) ವಿಸ್ತೀರ್ಣವನ್ನು "ಇಷ್ಟು ಎಕರೆ, ಇಷ್ಟು ಗುಂಟೆ" ಎಂದು ಬಿಡಿಸಿ ಹೇಳಿ. ತಿಂಗಳನ್ನು ಅಂಕಿಯಲ್ಲಿ ಹೇಳದೆ ಹೆಸರಿನಿಂದ ಹೇಳಿ.

ಈ) ಸಲ್ಲಿಸುವ ಮೊದಲು ತುಂಬಿದ ಎಲ್ಲಾ ವಿವರಗಳನ್ನು ತೋರಿಸುವಂತೆ ಕೇಳಿ, ಮೂಲ ದಾಖಲೆಯೊಂದಿಗೆ ತಾಳೆ ನೋಡಿ.

ಉ) ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಇಲಾಖೆಯ ಜಾಲತಾಣದಲ್ಲಿ ಅಥವಾ ನಾಡಕಚೇರಿಯಲ್ಲಿ ಒಮ್ಮೆ ಪರಿಶೀಲಿಸಿ.

ಊ) ಒ.ಟಿ.ಪಿ., ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಏಜೆಂಟ್‌ಗೆ ನೀಡಬೇಡಿ. ಆಧಾರ್ ಸಂಖ್ಯೆಯನ್ನು ಸೇವೆಗೆ ಅವಶ್ಯವಿದ್ದಾಗ, ಅಧಿಕೃತ ಪುಟದಲ್ಲಿ ಮಾತ್ರ ನಮೂದಿಸಿ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ ಸ್ಮಾರ್ಟ್‌ಫೋನ್ ಇಲ್ಲ. ಈ ಮಾಹಿತಿಯಿಂದ ನನಗೇನು ಪ್ರಯೋಜನ?
ಉತ್ತರ: ಏಜೆಂಟ್‌ಗಾಗಿ ಬರೆದ ಸ್ಪಷ್ಟ ವಿವರಣೆಯು ಮನುಷ್ಯರಿಗೂ ಸ್ಪಷ್ಟವಾಗಿಯೇ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಸಿಬ್ಬಂದಿ, ಗ್ರಾಮ ಒನ್ ಕೇಂದ್ರದ ನಿರ್ವಾಹಕರು ಹಾಗೂ ಅರ್ಜಿದಾರರು ಎಲ್ಲರೂ ಅದನ್ನು ಓದಿಕೊಂಡು ಕೆಲಸ ಮಾಡಬಹುದು. ಕೌಂಟರ್‌ನಲ್ಲಿ ಅರ್ಜಿ ಸಲ್ಲಿಸುವವರಿಗೂ ಅದರ ಲಾಭ ದೊರೆಯುತ್ತದೆ.

ಪ್ರಶ್ನೆ: ಏಜೆಂಟ್ ತಪ್ಪು ಮಾಹಿತಿ ತುಂಬಿದರೆ ಹೊಣೆ ಯಾರದು?
ಉತ್ತರ: ಅರ್ಜಿಯಲ್ಲಿನ ಘೋಷಣೆಯನ್ನು ಅರ್ಜಿದಾರರ ಹೆಸರಿನಲ್ಲಿಯೇ ಸಲ್ಲಿಸಲಾಗುತ್ತದೆ. ಆದುದರಿಂದ ಸಲ್ಲಿಸುವ ಮೊದಲು ಓದಿ ನೋಡುವುದು ಅವಶ್ಯಕ. ತಪ್ಪು ಕಂಡುಬಂದಲ್ಲಿ ಕೂಡಲೇ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಿ.

ಪ್ರಶ್ನೆ: ಏಜೆಂಟ್ "ದಾಖಲೆ ಇಲ್ಲ" ಎಂದರೆ ಏನು ಮಾಡಬೇಕು?
ಉತ್ತರ: ಅದನ್ನೇ ಅಂತಿಮವೆಂದು ಭಾವಿಸಬೇಡಿ. ಯಾವ ತಾಲ್ಲೂಕಿನಲ್ಲಿ, ಯಾವ ಸಂಖ್ಯೆಯಿಂದ ಹುಡುಕಲಾಯಿತು ಎಂದು ಕೇಳಿ. ಅನುಮಾನವಿದ್ದಲ್ಲಿ ನಾಡಕಚೇರಿ ಅಥವಾ ತಹಸೀಲ್ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಸಾಧನದ ವಿವರಣೆಯಲ್ಲಿ ಕೊರತೆ ಇದೆಯೆಂದು ತಿಳಿಯುವುದು ಹೇಗೆ?
ಉತ್ತರ: ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬಂದರೆ, ಅಥವಾ ನೀವು ಹೇಳದ ಸಂಗತಿಯನ್ನು ಏಜೆಂಟ್ ತಾನಾಗಿಯೇ ತುಂಬಿದರೆ, ವಿವರಣೆಯಲ್ಲಿ ಆ ಅಂಶ ಬಿಟ್ಟುಹೋಗಿರುವ ಸಾಧ್ಯತೆಯಿದೆ. ಯಾವ ಸೇವೆ, ಯಾವ ಕಾಲಂ, ಏನು ತುಂಬಲಾಯಿತು ಎಂಬ ಮೂರು ಸಂಗತಿಗಳನ್ನು ಆ ಸೇವೆ ನೀಡುವ ಇಲಾಖೆಯ ಗಮನಕ್ಕೆ ತಂದಲ್ಲಿ ವಿವರಣೆಯನ್ನು ತಿದ್ದಲು ಅನುಕೂಲವಾಗುತ್ತದೆ.

ಸಾರ್ವಜನಿಕರು ಮೇಲಿನ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಹಾಗೂ ಅರ್ಜಿಯನ್ನು ಯಾವ ಮಾರ್ಗದಿಂದ ಸಲ್ಲಿಸಿದರೂ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದಿಟ್ಟುಕೊಳ್ಳಬೇಕೆಂದು ಕೋರಲಾಗಿದೆ.